ಮೃತ್ಯುಪತ್ರದ ಕೆಳಗಿನ ಮೋಡಿ ಸಹಿ

ಅಕ್ಕೋರೆ, ನಿಮ್ಮ ಶಿವಪ್ಪ ಹಾಜರಿದ್ದೇನೆ ರೀ,

ಅಕ್ಷರ ದುಂಡಗಿಲ್ಲ ಅಂತ ಬೈಯಬೇಡಿ. ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಟಿಕೆಟ್ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ಗಾಡಿ ಬಿಡಲು ಇನ್ನೂ ಹೊತ್ತಿದೆ, ಡ್ರೈವರ್ ಚಹಾ ಕುಡಿಯಲು ಹೋಗಿದ್ದಾನೆ. ನೀವು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಒಪ್ಪಿಸಿದ ಕೆಲಸ ಮುಗಿಸದೆ ನಿಮ್ಮೆದುರು ನಿಲ್ಲುವ ಧೈರ್ಯ ನನಗೆ ಎಂದೂ ಇರಲಿಲ್ಲ. ನೀವು ಕಲಿಸುತ್ತಿದ್ದ ಇಂಗಳೇಶ್ವರದ ಶಾಲೆಯಲ್ಲಿ ಮನೆಪಾಠ ಮಾಡದೆ ಬಂದ ದಿನ ಬೇವಿನ ಗಿಡದ ಹಿಂದೆ ಅಡಗುತ್ತಿದ್ದವನಲ್ಲವೇ ನಾನು? ಈಗ ಕೆಲಸ ಮುಗಿದಿದೆ. ಅದಕ್ಕೇ ಎದುರಿಗೆ ಬಂದೆ.

ಆ ಲಕೋಟೆ ಕೊಟ್ಟ ದಿನ ನೀವು ನನ್ನದೇ ಬಸ್ಸು ಹತ್ತಿದ್ದಿರಿ. ಮುದ್ದೇಬಿಹಾಳದಿಂದ ಬಾಗೇವಾಡಿ, ಸಿಂದಗಿ ಹಾಯ್ದು ಇಂಡಿಗೆ ಹೋಗುವ ಗಾಡಿ. ಜನ ಮೈಮೇಲೆ ಬೀಳುತ್ತಿದ್ದರು. ನೀವು ಆ ಗದ್ದಲದಲ್ಲೇ, "ಶಿವ್ಯಾ, ಇದನ್ನ ಇಟ್ಕೋ. ನಾ ಸತ್ತ ಮ್ಯಾಲೆ ತಗಿ" ಅಂದಿರಿ. "ಅಕ್ಕೋರೆ, ಮುಂಜಮುಂಜಾನೆ ಏನ್ ಮಾತ್ರಿ ಇದು, ಬಿಡ್ತು ಅನ್ರಿ" ಅಂದೆ. "ನಾನಽ ಯಾಕ್ರಿ?" ಅಂದೆ. ನೀವು ಏನಂದಿರಿ? "ನೀ ಎಂಥಾವ್ರಿಗೂ ಮಾರಿ ಮ್ಯಾಲೇ ಇಲ್ಲ ಅಂತೀದಿ. ಈ ಕೆಲಸಕ್ಕ ಅಂಥಾವ್ನಽ ಬೇಕು." ಅದು ಹೊಗಳಿದ್ದೋ ಬೈದದ್ದೋ, ನನಗೆ ಇವತ್ತಿಗೂ ತಿಳಿದಿಲ್ಲ.

ನಿಮ್ಮ ದಿನ ಕರ್ಮ ಮುಗಿದ ಮೇಲೆ ನೀಲವ್ವನ ಎದುರಿಗೇ ಲಕೋಟೆ ಒಡೆದೆ. ಒಳಗೆ ಮೃತ್ಯುಪತ್ರ. ಬಾಗೇವಾಡಿಯ ಮೂರು ಖೋಲಿಯ ಮನೆ ನೀಲವ್ವನಿಗೆ, ಪುಸ್ತಕಗಳು ಶಾಲೆಗೆ, ಇದನ್ನೆಲ್ಲ ಮುಂದೆ ನಿಂತು ಮಾಡಿಸುವ ಭಾರ ಶಿವಪ್ಪನಿಗೆ. ಓದಿ ಹೇಳಿದರೆ ಆಕೆ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿಬಿಟ್ಟಳು. ಗಂಡ ಬಿಟ್ಟುಹೋದ ಮೇಲೆ ನಿಮ್ಮ ಅಂಗಳಕ್ಕೆ ಕೆಲಸ ಕೇಳಿಕೊಂಡು ಬಂದವಳು, ಅಲ್ಲೇ ಉಳಿದವಳು. ನಿಮ್ಮ ಕೊನೆಯ ಕಾಯಿಲೆಯಲ್ಲಿ ನಿಮ್ಮನ್ನು ಎತ್ತಿ ಕೂರಿಸಿದವಳು. ತವರೂ ಇಲ್ಲ, ಅತ್ತೆಮನೆಯೂ ಇಲ್ಲ. "ನನಗ್ಯಾಕೋ ಯಪ್ಪಾ ಇಡೀ ಮನಿ? ಅಡಗಿಮನಿ ಮೂಲಿ ಸಾಕಾಗಿತ್ತು" ಅಂದಳು. ಆಮೇಲೆ, "ಆದ್ರ ಶಿವಪ್ಪ, ಆ ಮೂಲೀನೂ ಹೋದ್ರ ನಾ ಎಲ್ಲಿಗೆ ಹೋಗ್ಲಿ?" ಅಂತ ಕೇಳಿದಳು. ನಾನು ದೊಡ್ಡ ಮನುಷ್ಯನಂತೆ, ಎಲ್ಲಿಗೂ ಹೋಗೂದು ಬ್ಯಾಡ ಅಂದುಬಿಟ್ಟೆ.

ವಕೀಲರ ಮುಂದೆ ಕೂತಾಗ ನನ್ನ ದೊಡ್ಡಸ್ತಿಕೆ ಇಳಿಯಿತು. ಬರೀ ಈ ಕಾಗದ ತೋರಿಸಿದರೆ ಮನೆ ನೀಲವ್ವನ ಹೆಸರಿಗೆ ಆಗುವುದಿಲ್ಲ, ಬಿಜಾಪುರದ ಕೋರ್ಟಿನಿಂದ ಪ್ರೋಬೇಟ್ ತರಬೇಕು, ಅಂದರೆ ಇದು ನಿಜವಾಗಿ ಅಕ್ಕೋರದೇ ಮೃತ್ಯುಪತ್ರ ಅಂತ ಕೋರ್ಟು ಒಪ್ಪಿ ಮುದ್ರೆ ಒತ್ತಬೇಕು ಅಂದರು. "ಸಾಕ್ಷಿದಾರರು ಎಲ್ಲಿದಾರ?" ಎಲ್ಲಿದ್ದಾರೆ ಅಂತ ಹೇಳಲಿ ಅಕ್ಕೋರೆ? ನೀವು ಹುಡುಕಿ ಹುಡುಕಿ ನಿಮಗಿಂತ ವಯಸ್ಸಾದ ಇಬ್ಬರನ್ನು ಸಾಕ್ಷಿ ಮಾಡಿದ್ದಿರಿ. ಇಬ್ಬರೂ ನಿಮಗಿಂತ ಮೊದಲೇ ಮೇಲೆ ಹೋಗಿ ನಿಮಗಾಗಿ ಜಾಗ ಹಿಡಿದಿದ್ದರು! "ಹಂಗಾರ ಸಹಿ ಗುರುತು ಹಿಡಿಯೋರು ಬೇಕು" ಅಂದರು ವಕೀಲರು. ಸಾಕ್ಷಿಗಳಲ್ಲಿ ಒಬ್ಬರಾಗಿದ್ದ ಹೆಡ್‌ಮಾಸ್ತರ ಸಹಿಯನ್ನು ಅವರ ಮಗ ಗುರುತಿಸಿಕೊಡುತ್ತೇನೆ ಅಂದ. ನಿಮ್ಮ ಸಹಿಯ ಚಿಂತೆ ನನಗಿರಲಿಲ್ಲ. ನಿಮ್ಮ ಕನ್ನಡ ಸಹಿ ಪ್ರಗತಿಪತ್ರದ ಮೇಲೆ ನೋಡದವರು ಯಾರಿದ್ದಾರೆ ಈ ಸೀಮೆಯಲ್ಲಿ? ವಕೀಲರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ಇದ್ದದ್ದು ಕನ್ನಡ ಸಹಿಯಲ್ಲ. ಜೋಳದ ಕಣದಲ್ಲಿ ಇರುವೆ ಸಾಲು ಹರಿದಂತೆ ಏನೋ ಒಂದು.

"ಮೋಡಿ" ಅಂದರು ವಕೀಲರು. ಹಿಂದಿನ ಕಾಲದ ಕುಲಕರ್ಣಿಗಳು ಹೊಲಮನೆಯ ಕಾಗದಗಳನ್ನು ಮರಾಠಿಯಲ್ಲಿ ಓಡಿಸಿಕೊಂಡು ಬರೆಯುತ್ತಿದ್ದ ಲಿಪಿ ಅಂತೆ. ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ನಮಗೆ ಕನ್ನಡ ತಿದ್ದಿಸಿದವರು, ಇದೊಂದು ಕಾಗದಕ್ಕೆ ಮಾತ್ರ ಯಾಕೆ ಹೀಗೆ... ವಕೀಲರು ಇನ್ನೊಂದು ಪ್ರಶ್ನೆ ಕೇಳಿದರು, ಅಕ್ಕೋರಿಗೆ ವಾರಸುದಾರರು ಯಾರು ಅಂತ. ಇಂಡಿಯಲ್ಲಿ ಅಣ್ಣ ಒಬ್ಬರೇ ಅಂದೆ. "ಛಲೋ ಆತು" ಅಂತ ಅವರು ನಕ್ಕರು. "ಮೃತ್ಯುಪತ್ರ ಬಿದ್ದುಹೋದ್ರ ಮನಿ ಅಣ್ಣಂದು. ಅದು ನಿಲ್ಲಬೇಕಂದ್ರ, ಮನಿಯವರು ಬಿಟ್ರ ಯಾರೂ ನೋಡದ ಈ ಸಹಿ ಗುರುತು ಹಿಡಿಯಾವನೂ ಅಣ್ಣನಽ." ನನಗೆ ನಗು ಬರಲಿಲ್ಲ.

ಅಣ್ಣನ ವಿಷಯ ನೀವು ಒಂದೇ ಸಲ ಹೇಳಿದ್ದಿರಿ. ಸೊಲ್ಲಾಪುರದ ಗಂಡಿನವರು ನಿಮ್ಮನ್ನು ನೋಡಲು ಬರುವ ದಿನ, ಶಾಲೆಗೆ ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ನೀವು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿರಿ. ಮನೆ ತುಂಬ ಬೀಗರು, ಹೆಣ್ಣೇ ಇಲ್ಲ! ಊರ ಮುಂದೆ ಮಾನ ಹೋಯಿತು ಅಂತ ನಿಮ್ಮಣ್ಣ ಮಾತು ಬಿಟ್ಟರು. ಇಪ್ಪತ್ತೆರಡು ವರ್ಷ. ನೀವು ತೀರಿಕೊಂಡ ದಿನ ನಾನು ಎಸ್‌ಟಿಡಿ ಬೂತಿನಿಂದ ಅವರಿಗೆ ಫೋನು ಹಚ್ಚಿದೆ. ಸುದ್ದಿ ಕೇಳಿದರು, ಫೋನು ಇಟ್ಟುಬಿಟ್ಟರು. ಬರಲಿಲ್ಲ. ಅಂಥವರ ಕೈಯಲ್ಲಿ ನೀಲವ್ವನ ಸೂರು!

ನಾನು ಇಂಡಿಗೆ ಹೋದಾಗ ಅವರು ಮನೆ ಮುಂದಿನ ನಿಂಬೆಗಿಡದ ನೆರಳಲ್ಲಿ ಕೂತಿದ್ದರು. ನಮ್ಮ ಅರ್ಜಿಯ ಮೇಲೆ ಕೋರ್ಟು ಕಳಿಸಿದ ನೋಟಿಸು ಆಗಲೇ ಮುಟ್ಟಿತ್ತು. ಯಾರು ಅಂತ ಹೇಳುವಷ್ಟರಲ್ಲಿ ಶುರು ಮಾಡಿದರು. "ಇಪ್ಪತ್ತೆರಡು ವರ್ಷ ಈ ಮನಿ ಹೊಸ್ತಿಲಾ ತುಳೀಲಿಲ್ಲ ಆಕಿ. ಈಗ ಸತ್ತ ಮ್ಯಾಲೆ ಕೋರ್ಟಿನ ಕಡೆಯಿಂದ ಮಾತಾಡಸ್ಲಿಕ್ಕೆ ಹತ್ಯಾಳೇನು?"

ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ. "ನೀವು ಕರೀಲಿಲ್ಲ, ಅವರು ಬರಲಿಲ್ಲ. ಇದರಾಗ ಕೋರ್ಟಿಂದೇನ್ರಿ ತಪ್ಪು?" ಅಂದುಬಿಟ್ಟೆ.

"ಭಾಳ ಮಾತಾಡ್ತೀದಿ. ಕಂಡಕ್ಟರ್ ಏನು?"

"ಹೌದ್ರಿ."

"ತೋರಸು ಆ ಕಾಗದಾ."

ಕನ್ನಡಕ ತರಿಸಿಕೊಂಡು ನಕಲು ಪ್ರತಿಯನ್ನು ಬಿಸಿಲಿಗೆ ಹಿಡಿದರು. ಮೇಲಿನ ಒಕ್ಕಣೆ ಓದಲೇ ಇಲ್ಲ, ನೇರ ಸಹಿಗೆ ಹೋದರು. ಅದರ ಮೇಲೆ ಬೆರಳಿಟ್ಟು ತೋರಿಸಿದರು. "ಮೋಡಿಯೊಳಗ ಮೊದಲ ಗೆರಿ ಎಳೀಬೇಕು, ಆಮ್ಯಾಲೆ ಅದರ ಕೆಳಗ ಅಕ್ಷರಾ. ಈಕಿ ಗೆರಿ ಹಾಳಿ ಮುಗಿಯೋತನಕಾ ಎಳೀತಿದ್ಲು. ಅಪ್ಪಾನ ಕಡೆ ಛಡಿ ಏಟು ತಿಂದ್ರೂ ಬಿಡ್ಲಿಲ್ಲ." ಹೊಲಮನೆಯ ಕಾಗದಕ್ಕೆ ಮೋಡಿಯಲ್ಲೇ ಸಹಿ ಮಾಡಿರಿ, ಹೊರಗಿನವರಿಗೆ ತಿದ್ದಲು ಬರಬಾರದು ಅಂತ ನಿಮ್ಮ ತಂದೆ ಮಕ್ಕಳಿಬ್ಬರಿಗೂ ಹೇಳಿದ್ದರಂತೆ. ಅಪ್ಪನ ಮಾತು ಉಳಿಸಲು ಹೋಗಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದಿರಲ್ಲ ಅಕ್ಕೋರೆ!

"ಹಂಗಾರ ಕೋರ್ಟಿಗೆ ಬಂದು ಇದನ್ನಽ ಹೇಳ್ತೀರೇನ್ರಿ?" ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಮಡಚಿದರು. "ಕೋರ್ಟು ಕೇಳಿದಾಗ ಕೋರ್ಟಿಗೆ ಹೇಳ್ತೀನಿ. ನಿನಗ್ಯಾಕ ಹೇಳ್ಲಿ?" ಅಷ್ಟೇ. ಸಿಂದಗಿ ಬರುವವರೆಗೂ ಅವರನ್ನು ಮನಸ್ಸಿನಲ್ಲೇ ಬೈದೆ. ನಿಮ್ಮಣ್ಣ ಅಂತಲೂ ನೋಡಲಿಲ್ಲ, ಕ್ಷಮಿಸಿ.

ತಾರೀಖು ಬರುವವರೆಗಿನ ತಿಂಗಳುಗಳು ನೀಲವ್ವನಿಗೆ ಹೇಗೆ ಕಳೆದವೋ. ದೀಪಾವಳಿಗೆ ಗೋಡೆಗೆ ಸುಣ್ಣ ಹಚ್ಚಲಿಲ್ಲ. ಯಾಕೆ ಅಂದರೆ, "ಯಾರ ಮನಿಗೋ ನಾ ಯಾಕ ಹಚ್ಚಲಿ?" ಅಂದಳು. ಒಂದು ದಿನ ಹೋದಾಗ ರೊಟ್ಟಿ ಹಂಚು, ಹಿಟ್ಟು ನಾದುವ ಕೊಣಮಿಗೆ, ಎರಡು ಸೀರೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಸಿಂದಗಿಯಲ್ಲಿ ಯಾರೋ ದೂರದ ಪೈಕಿಯವರು ಇದ್ದಾರಂತೆ, ಅವರು ಇರಿಸಿಕೊಂಡಾರು ಅಂದಳು. ಎಲ್ಲಿಗೂ ಹೋಗೂದು ಬ್ಯಾಡ ಅಂತ ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕೋರ್ಟಿನ ದಿನ ನಿಮ್ಮಣ್ಣ ಬಂದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಬಗಲಲ್ಲಿ ಒಂದು ಅರಿವೆ ಚೀಲ. ನನ್ನ ಕಡೆ ನೋಡಲೂ ಇಲ್ಲ. ಕಟಕಟೆಯಲ್ಲಿ ನಿಲ್ಲಿಸಿ, ಈ ಸಹಿ ಯಾರದು ಅಂತ ಕೇಳಿದರು. ನನ್ನ ಪಕ್ಕದಲ್ಲಿ ನೀಲವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಅವರು ಕಾಗದ ನೋಡಿದರು, ಜಡ್ಜ್ ಸಾಹೇಬರನ್ನು ನೋಡಿದರು, ಮತ್ತೆ ಕಾಗದ ನೋಡಿದರು. ನನಗೆ ಎದ್ದು ಕೂಗಿಬಿಡಬೇಕು ಅನಿಸಿತು.

"ನಮ್ಮ ಗೋದೂನ ಕೈ ರೀ ಇದು" ಅಂದರು.

ಗೋದೂ! ನಿಮಗೆ ಅಂಥ ಹೆಸರಿತ್ತು ಅಂತ ನಮಗೆ ಯಾರಿಗೆ ಗೊತ್ತಿತ್ತು? ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ಜಡ್ಜ್ ಕೇಳಿದರು. ಅವರು ಚೀಲದಿಂದ ದಾರ ಕಟ್ಟಿದ ಪೋಸ್ಟ್‌ಕಾರ್ಡುಗಳ ಕಟ್ಟು ತೆಗೆದು ಮುಂದೆ ಇಟ್ಟರು. "ಮೋಡಿಯೊಳಗಽ ವರ್ಷಕ್ಕೊಂದು ಬರೀತಿದ್ಲು. ಒಂದಕ್ಕೂ ನಾ ಉತ್ತರಾ ಬರೀಲಿಲ್ಲ." ಅಕ್ಕೋರೆ, ಇದನ್ನು ನೀವು ನೀಲವ್ವನಿಗೂ ಹೇಳಿರಲಿಲ್ಲವಲ್ಲ! ಒಂದನ್ನು ಓದಿ ಅರ್ಥ ಹೇಳಿರಿ ಅಂದರು ಜಡ್ಜ್. ಅವರು ಓದಿದರು. "ಸಾಲಿಗೆ ಹೊಸಾ ಕರೀಹಲಗಿ ಬಂತು. ನನಗ ಕನ್ನಡಕಾ ಬಂತು. ನಿನ್ನ ಮೊಣಕಾಲು ನೋವು ಹ್ಯಾಂಗದ?" ಅಲ್ಲಿಗೆ ಕಾರ್ಡನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು.

ಮೃತ್ಯುಪತ್ರ ನಿಜ ಅಂತಾದರೆ ನಿಮಗೆ ಏನೂ ಸಿಗುವುದಿಲ್ಲ, ಗೊತ್ತಿದೆಯೇ ಅಂತ ಜಡ್ಜ್ ಕೇಳಿದರು. "ಗೊತ್ತದ ರೀ." ಹಾಗಾದರೆ ಆಕ್ಷೇಪಣೆ ಇಲ್ಲವೇ? ನಿಮ್ಮಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಆಕಿ ಬದುಕಿದ್ದಾಗ ಆಕ್ಷೇಪಣಾ ಮಾಡಿ ನನಗೇನು ಸಿಕ್ತ್ರಿ? ಈಗ ಬ್ಯಾಡ." ನಾನು ಅತ್ತೆ ಅಕ್ಕೋರೆ. ಖಾಕಿ ಡ್ರೆಸ್ಸಿನಲ್ಲೇ, ಬಿಲ್ಲೆ ಹಚ್ಚಿಕೊಂಡು, ಎಲ್ಲರೆದುರಿಗೆ ಅತ್ತುಬಿಟ್ಟೆ.

ಪ್ರೋಬೇಟ್ ಕೈಗೆ ಬಂದ ಮೇಲೂ ಕಚೇರಿ ತಿರುಗಾಟ ತಪ್ಪಲಿಲ್ಲ. ನಾಳೆ ಬಾ, ನಾಡಿದ್ದು ಬಾ. ನಾನೂ ಬಿಡಲಿಲ್ಲ, ನೀವು ನನ್ನನ್ನು ಆರಿಸಿದ್ದು ಅದಕ್ಕೇ ಅಲ್ಲವೇ? ಕೊನೆಗೆ ಮಾಲೀಕರ ಹೆಸರಿರುವ ಮನೆಯ ಉತಾರದಲ್ಲಿ ನೀಲವ್ವನ ಹೆಸರು ಬಂತು. ಆ ಕಾಗದವನ್ನು ಆಕೆ ಹಿಟ್ಟಿನ ಕೈಯಿಂದ ಮುಟ್ಟಲು ಒಪ್ಪಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಆಮೇಲೆ ಹಿಡಿದಳು. ಬಾಗಿಲ ಹಿಂದಿನ ಗಂಟು ಅವತ್ತೇ ಬಿಚ್ಚಿದಳು. ಪುಸ್ತಕಗಳು ಇಂಗಳೇಶ್ವರದ ಶಾಲೆ ಸೇರಿದವು.

ಇನ್ನು ಇವತ್ತು ಮುಂಜಾನೆಯ ಸಂಗತಿ. ನಾಳೆಯಿಂದ ಪಂಚಮಿ. ಅಣ್ಣತಮ್ಮಂದಿರು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಬರುವ ದಿನ, ನನ್ನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಿಮ್ಮ ಬಾಗಿಲಿಗೆ ಅಷ್ಟು ವರ್ಷ ಯಾರೂ ಬರಲಿಲ್ಲ. ನಿಮಗೆ ಆ ದಿನ ಮೈತುಂಬ ಕೆಲಸ ಇರುತ್ತಿತ್ತು ಅಂತ ನೀಲವ್ವ ಹೇಳುತ್ತಾಳೆ, ಇಲ್ಲದ ಕೆಲಸ. ಇವತ್ತು ನಿಮ್ಮಣ್ಣ ಮೊದಲ ಬಸ್ಸಿಗೆ ಇಂಡಿಯಿಂದ ಬಂದು ಇಳಿದರು. ಮನೆ ತೋರಿಸು ನಡಿ ಅಂದರು. ನೀಲವ್ವ ಗಾಬರಿಯಿಂದ ಎದ್ದು ಬಂದು, "ಹೊರಗ ಯಾಕ ನಿಂತೀರಿ, ಒಳಗ ಬರ್ರಿ" ಅಂದಳು.

"ಒಳಗ ಆಮ್ಯಾಲೆ ಬರ್ತೀನಿ. ಮೊದಲ ನೀ ಅರಿವಿ ತುಂಬಕೋ. ಪಂಚಮಿಗೆ ಕರೀಲಿಕ್ಕೆ ಬಂದೀನಿ."

ನೀಲವ್ವ ಹಿಂದೆ ತಿರುಗಿ ನೋಡಿದಳು, ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂತ. "ಯಾರನ್ನ್ರಿ?"

"ನಿನ್ನನ್ನ. ಮತ್ತ್ಯಾರಿದಾರ ಈ ಮನಿಯೊಳಗ?"

ಡ್ರೈವರ್ ಚಹಾ ಮುಗಿಸಿ ಬಂದ. ಅವರಿಬ್ಬರೂ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ನೀಲವ್ವ ಕೈತುಂಬ ಹೊಸ ಬಳೆ ಇಟ್ಟುಕೊಂಡಿದ್ದಾಳೆ, ಮಡಿಲಲ್ಲಿ ಉಂಡಿಯ ಡಬ್ಬಿ. ಕಿಟಕಿಯಿಂದ ಕೈ ಚಾಚಿ ನಿಮ್ಮಣ್ಣ ನನ್ನನ್ನು ಕರೆದರು, ಏನು ಬರೀಲಿಕ್ಕೆ ಹತ್ತೀದಿ, ಮೊದಲ ಟಿಕೆಟ್ ಹರಿ ಅಂತ. ಎಲ್ಲಿಗ್ರಿ ಅಂತ ಕೇಳಿದೆ, ಗೊತ್ತಿದ್ದೂ ಕೇಳಿದೆ.

"ಎರಡು ಇಂಡಿ. ಒಂದು ನನಗ, ಒಂದು ನನ್ನ ತಂಗಿಗೆ."