ಛತ್ರಿ ಗುರುತಿನ ಮೌಸ್

೨೪ ಸೆಪ್ಟೆಂಬರ್ ೨೦೧೨, ಸೋಮವಾರ

ಮೊದಲ ಪಿರಿಯಡ್ ಮಗ್ಗಿ. ಎರಡನೇದಕ್ಕೆ ಚಾಕ್ ಹಿಡಿಯುವಷ್ಟರಲ್ಲಿ ವಾಸು ಬಂದ — ಕಂಪ್ಯೂಟರ್ ಕೊಡುವ ಸಂಸ್ಥೆಯ ಹುಡುಗ. ಕಂಪ್ಯೂಟರ್ ಒಂದೇ, ಮೌಸ್ ಮಾತ್ರ ಹತ್ತು. ಗೋಡೆಯ ಪರದೆ ಮೇಲೆ ಹತ್ತು ಗುರುತು ಒಟ್ಟಿಗೆ ಓಡಾಡುತ್ತವೆ. ಮಾವಿನಹಣ್ಣು, ಗಾಳಿಪಟ, ಛತ್ರಿ... ಪ್ರಶ್ನೆ ಬಂದಾಗ ಮಕ್ಕಳು ತಮ್ಮ ಗುರುತನ್ನು ಸರಿಯುತ್ತರದ ಮೇಲೆ ಒಯ್ದು ಒತ್ತಬೇಕು. ಅಲ್ಲಾಳಸಂದ್ರದ ನಮ್ಮ ನಾಲ್ಕನೇ ಕ್ಲಾಸ್ ಮೊದಲೇ ಸಂತೆ, ಇನ್ನು ಇದು ಬೇರೆ.

"ಇದು ಟ್ರಯಲ್ ಮೇಡಂ. ದಸರಾ ರಜೆ ಮುಗಿದ್ಮೇಲೆ ನಮ್ಮ ರಾಧಾಮಣಿ ಮೇಡಂ ನೋಡೋಕ್ಬರ್ತಾರೆ. ಚೆನ್ನಾಗ್ ನಡೀತಿದ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಬೇರೆ ಸ್ಕೂಲಿಗೆ."

ಒಯ್ಯಲಿ ಅಂದುಕೊಂಡೆ.

೨೭ ಸೆಪ್ಟೆಂಬರ್

ಒಯ್ಯಬಾರದು.

ಫರ್ಹೀನ್. ಆರ್.ಟಿ. ನಗರದಿಂದ ಬಂದು ಜೂನ್‌ನಲ್ಲಿ ಸೇರಿದವಳು. ಮೊದಲ ದಿನ ಅವಳ ಕನ್ನಡ ಕೇಳಿ ಮಕ್ಕಳು ನಕ್ಕವು. ಅವತ್ತು ಬಾಯಿಗೆ ಹಾಕಿದ ಬೀಗ ಇನ್ನೂ ತೆಗೆದಿಲ್ಲ. ಹಾಜರಿಗೂ ಬರೀ ಕೈ ಎತ್ತುತ್ತಾಳೆ. "ಮನೇಲಿ ಇವಳ ಬಾಯಿ ನಿಲ್ಲೋದೇ ಇಲ್ಲ ಟೀಚರ್, ನಂಗೆ ತಲೆನೋವು ಬರುತ್ತೆ" ಅಂತಾಳೆ ಅಮ್ಮ ಕುಬ್ರಾ. ನಾನು ನಂಬಿರಲಿಲ್ಲ.

ಇವತ್ತು ಪ್ರತಿ ಪ್ರಶ್ನೆಗೂ ಛತ್ರಿ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿತ್ತು. ಛತ್ರಿ ಯಾರದು ಅಂದೆ. ಎಲ್ಲರೂ ಅವಳ ಕಡೆ ತಿರುಗಿದರು. ತಲೆ ತಗ್ಗಿಸಿದಳು, ಆದರೆ ನಗುತ್ತಿದ್ದಳು. ಖುಷಿಗೆ ಮಧ್ಯಾಹ್ನ ಎರಡು ಸಲ ಸಾರು ಹಾಕಿಸಿಕೊಂಡೆ.

೪ ಅಕ್ಟೋಬರ್

ಮಾತು ಇನ್ನೂ ಇಲ್ಲ. ಛತ್ರಿ ಮಾತ್ರ ಊರೆಲ್ಲ ಸುತ್ತುತ್ತದೆ. ನನಗೇನೂ ಅವಸರವಿಲ್ಲ... ಸುಳ್ಳು. ಅವಸರ ಇದೆ. ಪರದೆ ಹೋದರೆ ಇವಳು ಮತ್ತೆ ಮೂಲೆ ಸೇರುತ್ತಾಳೆ.

೯ ಅಕ್ಟೋಬರ್

ನಾಳೆಯಿಂದ ರಜೆ. ಆಯುಧಪೂಜೆ ರಜೆಯಲ್ಲಿ ಬರುತ್ತೆ ಅಂತ ಹೆಡ್‌ಮಾಸ್ಟರ್ ಮುನಿರಾಮಯ್ಯನವರು ಇವತ್ತೇ ಮುಗಿಸಿದರು. ಸ್ಕೂಲ್ ಗಂಟೆ, ಬೀರು, ಅಡುಗೆ ಒಲೆ, ಎಲ್ಲಕ್ಕೂ ಬೊಟ್ಟು. ಮೌಸ್‌ಗಳ ಪೂಜೆ ಸ್ವತಃ ಅವರದೇ. ಬಿಳಿ ಮೈ, ಕಲೆಯಾಗುತ್ತೆ ಅಂತ ಒಂದೊಂದನ್ನೇ ಮಗುಚಿ ಕೆಳಗಡೆ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ. ಇಷ್ಟು ಜೋಪಾನ ನಮ್ಮ ಬಗ್ಗೆಯೂ ಇದ್ದಿದ್ದರೆ ಸ್ಟಾಫ್‌ರೂಮಿಗೊಂದು ಫ್ಯಾನ್ ಬರುತ್ತಿತ್ತು.

"ಹಬ್ಬ ಕಳೆಯೋಗಂಟ ಯಾರೂ ಮುಟ್ಬಾರ್ದು ಮೇಡಂ." ಬಟ್ಟೆ ಹೊದಿಸಿ ಬೀಗ ಹಾಕಿದರು. ಎಲ್ಲರಿಗೂ ಕಡ್ಲೆಪುರಿ, ಬಾಳೆಹಣ್ಣು. ಫರ್ಹೀನ್ ತಂಗಿಗೆ ಅಂತ ಇನ್ನೊಂದು ಹಣ್ಣು ಕೇಳಿದಳು — ಕೈಸನ್ನೆಯಲ್ಲೇ.

೨೯ ಅಕ್ಟೋಬರ್, ಸಂಜೆ

ರಜೆ ಮುಗಿದ ಮೊದಲ ದಿನವೇ ರಾಧಾಮಣಿ ಮೇಡಂ ಹಾಜರ್. ಪರದೆ ಬಂತು, ಹತ್ತು ಗುರುತೂ ಬಂದವು. ಒಂದೂ ಅಲುಗಲಿಲ್ಲ. ವಾಸು ವೈರ್ ಕಿತ್ತು ಹಾಕಿದ, ಆಫ್ ಮಾಡಿ ಆನ್ ಮಾಡಿದ, ಬೆವರಿದ. ಊಹೂಂ.

"ಇವ್ರು ಬಳಸ್ತಾನೇ ಇಲ್ಲ ಅನ್ಸುತ್ತೆ. ಪ್ಯಾಕ್ ಮಾಡ್ಬಿಡಿ ವಾಸು."

ವಾಸು ಡಬ್ಬ ತರಲು ಎದ್ದ. ಆಗ ಮೂರನೇ ಬೆಂಚಿಂದ ಒಂದು ದನಿ. ಜೋರಾಗಿಯೇ.

"ಮಿಸ್, ಕೆಂಪು ಲೈಟ್ ಇಲ್ಲ. ಕುಂಕುಮ ಹಾಕಿದಾರೆ ಅದಕ್ಕೆ ಕಣ್ಣಲ್ಲಿ. ಹೆಂಗೆ ಕಾಣುತ್ತೆ ಅದಕ್ಕೆ?"

ಫರ್ಹೀನ್, ಮೌಸ್ ಮಗುಚಿ ಹಿಡಿದು ನಿಂತಿದ್ದಾಳೆ. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಮೌಸ್ ಮಗುಚಿದರು. ಬೆಳಕು ಬರುವ ತೂತಿನ ತುಂಬ ಒಣಗಿದ ಅರಿಶಿನ ಕುಂಕುಮ. ಮುನಿರಾಮಯ್ಯನವರು ಹೆಗಲ ಟವೆಲ್ ತೆಗೆದು ಒಂದೊಂದನ್ನೇ ಒರೆಸತೊಡಗಿದರು. "ನಂದೇ ತಪ್ಪು ಕಣವ್ವ. ಪೂಜೆ ಮಾಡೋಕ್ಕೋಗಿ ಕಣ್ಣೇ ಮುಚ್ಬುಟ್ಟೆ."

ಮೊದಲು ಓಡಿದ್ದು ಛತ್ರಿ. ರಾಧಾಮಣಿ ಮೇಡಂ ಇಡೀ ಪಿರಿಯಡ್ ಕೂತು ನೋಡಿದರು. ಹೋಗುವಾಗ, "ಇಲ್ಲೇ ಇರ್ಲಿ" ಅಂದರು.

ಸ್ಟಾಫ್‌ರೂಮಿಗೆ ಬಂದು ಅತ್ತೆ. ಸಂತೋಷಕ್ಕೇ.

೫ ನವೆಂಬರ್

ಫರ್ಹೀನ್ ಅಮ್ಮ ಕುಬ್ರಾಳ ತಲೆನೋವು ನಿಜ. ಹಾಜರಿ ಕೂಗುವಾಗಲೂ ಮಾತು. ಪಕ್ಕದವಳ ಜೊತೆ, ಹಿಂದಿನವಳ ಜೊತೆ, ಯಾರೂ ಸಿಗದಿದ್ದರೆ ಕಿಟಕಿ ಜೊತೆ. ಭಾಗಾಕಾರ ಅರ್ಧಕ್ಕೇ ನಿಂತಿತು. ಕೊನೆಗೆ ತಡೆಯಲಾರದೆ ಅಂದೇಬಿಟ್ಟೆ — "ಫರ್ಹೀನ್, ಒಂದ್ನಿಮಿಷ ಬಾಯ್ಮುಚ್ಕೊಂಡಿರಮ್ಮ."

ಅಂದವಳು ಸಟ್ಟನೆ ಬೋರ್ಡ್ ಕಡೆ ತಿರುಗಿದೆ, ಮಕ್ಕಳಿಗೆ ನನ್ನ ನಗು ಕಾಣಬಾರದು ಅಂತ. ಕೈಯಲ್ಲಿ ಚಾಕ್. ಏನು ಬರೆಯಬೇಕಿತ್ತು ಅನ್ನೋದೇ ಮರೆತುಹೋಗಿತ್ತು.