ಹುಟ್ಟದ ಮಗುವಿಗೆ ಕಟ್ಟಿದ ಬ್ಯಾನರು

ತಾಲೂಕಿನ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮೂರ ಬಸ್ ನಿಲ್ದಾಣದ ಎದುರು ನೀವು ಕಟ್ಟಿಸಿರುವ ಬ್ಯಾನರನ್ನು ಮೊದಲು ಇಳಿಸಿ, ಮಿಕ್ಕ ಮಾತು ಆಮೇಲೆ. "ಒಂಬತ್ತು ವರ್ಷಗಳ ಬಳಿಕ ಈ ಹಳ್ಳಿಗೆ ಮಗು ಬಂತು! ಅಭಿನಂದನೆಗಳು!" ಎಂದು ಬರೆಸಿ, ಕೆಳಗೆ ನಿಮ್ಮ ನಗುಮುಖ ಹಾಕಿಸಿದ್ದೀರಿ. ಮಗು ಬಂದಿಲ್ಲ ಸ್ವಾಮಿ. ಇನ್ನೂ ಲುವಾಳ ಹೊಟ್ಟೆಯಲ್ಲಿದೆ. ನಲವತ್ತು ದಿನ ಬಾಕಿ ಇದೆ.

ಲುವಾ ವಿಯೆಟ್ನಾಮಿನಿಂದ ಬಂದ ಹುಡುಗಿ, ನನ್ನ ಪಕ್ಕದ ಮನೆಯ ಬೆಳ್ಳುಳ್ಳಿ ಬೆಳೆಗಾರ ಸಾಂಗ್-ಚೊಲ್‌ನ ಹೆಂಡತಿ. ನಿಮ್ಮ ಗುಮಾಸ್ತ ಏಣಿ ಹಾಕಿಕೊಂಡು ಬ್ಯಾನರು ಕಟ್ಟುತ್ತಿದ್ದಾಗ ಅವಳ ಅತ್ತೆ ಕುಂಟುತ್ತಾ ಓಡಿ ಬಂದಳು.

"ಯಾರಪ್ಪಾ ನೀನು? ಹುಟ್ಟದ ಕೂಸಿನ ಹೆಸರಲ್ಲಿ ಬಟ್ಟೆ ಕಟ್ತೀಯಲ್ಲ, ನಿಮ್ಮವ್ವ ನಿಂಗೇನೂ ಹೇಳಿಕೊಡಲಿಲ್ವಾ?"

"ಅಜ್ಜಿ, ವರ್ಷ ಮುಗಿಯೋದ್ರೊಳಗೆ ಈ ಬಾಬ್ತಿನ ದುಡ್ಡು ಖರ್ಚಾಗಬೇಕು. ಜನವರೀಲಿ ಕಟ್ಟೋಕಾಗಲ್ಲ."

"ಹಾಗಾದ್ರೆ ಡಿಸೆಂಬರಿನಲ್ಲೇ ಹೆತ್ಕೊಡು ಅಂತೀಯಾ? ಇಳಿ ಕೆಳಗೆ!"

ಅವನು ಇಳಿದ. ಬ್ಯಾನರು ಇಳಿಯಲಿಲ್ಲ.

ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಬಾಗಿಲಿಗೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಕಟ್ಟುತ್ತೇವೆ. ಗಂಡಾದರೆ ಕೆಂಪು ಮೆಣಸಿನಕಾಯಿ, ಹೆಣ್ಣಾದರೆ ಇದ್ದಿಲು, ಪೈನ್ ಸೊಪ್ಪು. ಇಪ್ಪತ್ತೊಂದು ದಿನ ಹೊರಗಿನವರು ಅದನ್ನು ದಾಟುವಂತಿಲ್ಲ. ಅದು ಕಟ್ಟುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಈ ಊರಲ್ಲಿ ಎಡಕ್ಕೆ ಹೊಸೆಯಲು ಬರುವ ಕೈ ನನ್ನದೊಂದೇ ಉಳಿದಿದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ನಿಮ್ಮಂತೆ ಅಂಕಿಅಂಶ ಗೊತ್ತಿಲ್ಲ. ಆದರೆ ಯಾವ ಹಗ್ಗ ಯಾವಾಗ ಕಟ್ಟಬೇಕೆಂಬುದು ಗೊತ್ತು.

ದೇಶದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವೆಂದು ದಿನಾ ಟಿವಿಯಲ್ಲಿ ಅಳುತ್ತೀರಿ. ಈ ಅಳು ಶುರುವಾಗುವ ಮೊದಲು ನೀವೇನು ಮಾಡುತ್ತಿದ್ದಿರಿ, ನಾನು ನೆನಪಿಸಲೇ? ನಲವತ್ತು ವರ್ಷದ ಹಿಂದೆ, ಮೀಸಲು ಸೈನ್ಯದ ತರಬೇತಿಗೆ ಹೋಗಿದ್ದೆವು. ಬೆಳಿಗ್ಗೆಯೇ ಮೈಕಿನಲ್ಲಿ ಕೂಗಿದರು: ಇವತ್ತು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಉಳಿದ ತರಬೇತಿ ಮಾಫಿ. ಬಿಸಿಲು ಜೋರಾಗಿತ್ತು, ಬಂದೂಕು ಭಾರವಾಗಿತ್ತು. ನಾನು ವ್ಯಾನು ಹತ್ತಿದೆ. ಮಧ್ಯಾಹ್ನದೊಳಗೆ ಕತ್ತರಿಸಿ, ಒಂದು ಬ್ರೆಡ್ಡು ಕೊಟ್ಟು ಕಳಿಸಿದರು. ಆಗ ಮಗಳು ಹ್ಯೆ-ವೊನ್‌ಗೆ ಒಂದು ವರ್ಷ. ಹೆಂಡತಿ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ವ್ಯಾನು ಯಾರದು?

ಈಗ ಅದೇ ಸರ್ಕಾರ ನನ್ನ ಮಗಳನ್ನು ಸ್ವಾರ್ಥಿ ಎನ್ನುತ್ತದೆ. ಮದುವೆಯಾಗಿಲ್ಲ, ಹೆತ್ತಿಲ್ಲ ಎಂದು. ಕಳೆದ ತಿಂಗಳು ಫೋನಿನಲ್ಲಿ ನಾನೂ ರೇಗಿದೆ. ಅವಳು ಹೇಳಿದ್ದು ಇದು: "ಅಪ್ಪಾ, ನನ್ನ ಪಕ್ಕದ ಕುರ್ಚಿಯವಳು ಹೆರಿಗೆಗೆ ಹೋಗಿ ವಾಪಸ್ ಬಂದಾಗ ಕುರ್ಚಿಯೇ ಇರಲಿಲ್ಲ. ಅವಳ ಮೇಜಿನ ಮೇಲೆ ಪ್ರಿಂಟರ್ ಕೂತಿತ್ತು. ನನ್ನನ್ನ ಬೈಯೋ ಮೊದಲು ಆ ಪ್ರಿಂಟರಿಗೆ ಬೈ." ನಾನು ಫೋನಿಟ್ಟೆ.

ಇರಲಿ, ಹೆರದವರ ಮಾತು ಬಿಡಿ. ಹೆರುತ್ತೇನೆ ಎಂದವಳಿಗೆ ನೀವು ಮಾಡಿದ್ದೇನು?

ಕಳೆದ ವಸಂತದಲ್ಲಿ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆ ಮುಚ್ಚಿದಿರಿ. ಈ ಸೆಪ್ಟೆಂಬರಿನಲ್ಲಿ ಗೆಳೆಯನೊಬ್ಬ ತೀರಿಕೊಂಡು, ಆ ಆಸ್ಪತ್ರೆಯ ಶವಸಂಸ್ಕಾರ ಭವನಕ್ಕೆ ಹೋಗಿದ್ದೆ. ಎರಡು ಕೋಣೆ ಸಾಲದೆ ಮೂರನೆಯದು ಹೊಸದಾಗಿ ತೆರೆದಿದ್ದರು. ಅದರಲ್ಲಿ ಕೂತು, ಸಾವಿಗೆ ಬಂದವರಿಗೆ ಬಡಿಸುವ ಖಾರದ ಮಾಂಸದ ಸಾರು ಕುಡಿಯುತ್ತಾ ಕಿಟಕಿ ನೋಡಿದೆ. ಹೊರಗೆ ಪರ್ಸಿಮನ್ ಹಣ್ಣಿನ ಮರ. ಅದೇ ಮರ, ಅದೇ ಕಿಟಕಿ! ಹ್ಯೆ-ವೊನ್ ಹುಟ್ಟಿದ್ದು ಅಲ್ಲೇ, ಅದು ಹೆರಿಗೆ ಕೋಣೆಯಾಗಿದ್ದಾಗ. ಬಾಣಂತಿ ಸಾರಿಗೆ ತಂದ ಸಮುದ್ರದ ಪಾಚಿಯನ್ನು ಮಡಚಿದರೆ ಹೆರಿಗೆ ಕಷ್ಟವಾಗುತ್ತದೆಂದು, ಆಳುದ್ದದ ಒಣ ಕಟ್ಟನ್ನು ಮಗುವಿನಂತೆ ಎತ್ತಿಕೊಂಡು ಆ ಮರದ ಕೆಳಗೆ ನಾನು ನಿಂತಿದ್ದೆ. ಸಾರಿನ ಬಟ್ಟಲು ಪಕ್ಕಕ್ಕಿಟ್ಟು ಎದ್ದೆ. ನಿಮಗೆ ಅಲ್ಲಿ ಊಟ ಸೇರುತ್ತದೆಯೇ?

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವ ವೈದ್ಯೆ ಲುವಾಳನ್ನು ನೋಡಿ, ಮಾಸು ತೀರಾ ಕೆಳಗೆ ಕೂತಿದೆ, ರಕ್ತ ಶುರುವಾದರೆ ಒಂದು ಗಂಟೆಯೊಳಗೆ ಕೊಯ್ದು ಮಗು ತೆಗೆಯಬೇಕು ಎಂದಿದ್ದಾರೆ. ಹೆರಿಗೆ ಮಾಡಿಸುವ ಆಸ್ಪತ್ರೆ ಈಗ ಒಂದು ಗಂಟೆ ಐವತ್ತು ನಿಮಿಷ ದೂರ. ಅದು ಒಣ ರಸ್ತೆಯ ಲೆಕ್ಕ. ಜನವರಿಯಲ್ಲಿ ಕಣಿವೆ ರಸ್ತೆಯ ಮೇಲೆ ಹಿಮ ಬೀಳುತ್ತದೆ. ನಿಮ್ಮ ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತ ಅಂದ, "ತಾತಾ, ಒಂದು ತಿಂಗಳು ಸಿಟಿಯಲ್ಲಿ ರೂಮು ಮಾಡಿಕೊಂಡು ಇರಲಿ." ಯಾರ ಜೊತೆ? ಅತ್ತೆಗೆ ಎರಡೂ ಮಂಡಿ ಹೋಗಿದೆ, ಗಂಡ ಹೊಲ ಬಿಡುವಂತಿಲ್ಲ. ನಮ್ಮ ಮಾತು ಇನ್ನೂ ಅರ್ಧಂಬರ್ಧ ಬರುವ ಆ ಹುಡುಗಿ ಲಾಡ್ಜಿನಲ್ಲಿ ಒಬ್ಬಳೇ ರಕ್ತ ಸೋರಿಸಿಕೊಂಡು ಬಿದ್ದಿರಬೇಕೇ?

ಮೊನ್ನೆ ನಾನು ಹುಲ್ಲು ನೆನೆಸಿ ಹಗ್ಗ ಹೊಸೆಯುತ್ತಿದ್ದಾಗ ಲುವಾ ಬಂದು ಪಕ್ಕದಲ್ಲಿ ಕೂತಳು. "ತಾತಾ, ಅದು ನನ್ನ ಮಗೂಗಾ?" ಎಂದಳು. ಹೂಂ ಎನ್ನಬೇಕಿತ್ತು. ಈ ವರ್ಷ ನಾನು ಹನ್ನೊಂದು ಹಗ್ಗ ಹೊಸೆದಿದ್ದೇನೆ. ಹನ್ನೊಂದೂ ಹೆಣದ ಹಿಂದೆ ನಡೆಯುವವರು ಶೋಕಕ್ಕೆಂದು ಸೊಂಟಕ್ಕೆ ಕಟ್ಟಿಕೊಳ್ಳಲು ಹೋದವು. ನಾನು ಹೊಸೆಯುತ್ತಲೇ ಹೋದೆ. ಕೊನೆಗೆ ಅವಳೇ ಹುಲ್ಲಿನ ಎಳೆ ಎತ್ತಿ ಕೊಟ್ಟಳು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ: ಆ ಮೂರನೇ ಕೋಣೆಯಿಂದ ಹೂವಿನ ಹಾರಗಳನ್ನು ಹೊರಹಾಕಿ ಹೆರಿಗೆ ಮಂಚ ವಾಪಸ್ ಹಾಕಿಸಿ. ಕೊಯ್ಯಬಲ್ಲ ಒಬ್ಬ ವೈದ್ಯರು, ಮಂಪರು ಕೊಡುವವರೊಬ್ಬರು, ಒಬ್ಬ ನರ್ಸು. ಹಿಮ ಬೀಳುವ ಮೊದಲು. ಆಮೇಲೆ ಬ್ಯಾನರು ಕಟ್ಟಿ, ನಾನೇ ಏಣಿ ಹಿಡಿಯುತ್ತೇನೆ.

ಹಗ್ಗ ತಯಾರಾಗಿ ನನ್ನ ಗೋಡೆಯ ಮೊಳೆಗೆ ತೂಗುತ್ತಿದೆ. ಕೆಳಗೆ ಮೆಣಸಿನಕಾಯಿಯನ್ನೂ ಇದ್ದಿಲನ್ನೂ ಇಟ್ಟಿದ್ದೇನೆ. ಎರಡೂ ಬೇಡವಾದ ದಿನ ಬಂದರೆ, ಅದೇ ಹಗ್ಗವನ್ನು ತಂದು ನಿಮ್ಮ ಕಚೇರಿಯ ಬಾಗಿಲಿಗೆ ಕಟ್ಟುತ್ತೇನೆ. ದಾಟಿಕೊಂಡು ಒಳಗೆ ಹೋಗಿ ಕೂರುವ ಧೈರ್ಯ ನಿಮಗಿದೆಯೋ ನೋಡೋಣ.

ಇಂತಿ,
ಒಂದು ಬ್ರೆಡ್ಡಿಗೆ ತನ್ನ ವಂಶ ಕೊಟ್ಟು ಬಂದ ಮುದುಕ,
ಪ್ಯೋ ಗಿಲ್-ಸು