ಎಡಗಡೆಯ ಸ್ಪೀಕರ್

ಅಪ್ಪಾ,

ನೀವು ಹೋದ ಮೇಲೂ ಟಿವಿಯ ಅಕ್ಕಪಕ್ಕದಲ್ಲೇ ಇದ್ದ ನಿಮ್ಮ ಹಳೆಯ ಸ್ಪೀಕರ್‌ಗಳನ್ನು ಇವತ್ತು ಇಳಿಸಿದೆವು. ಹೊಸದನ್ನು ಕೊಳ್ಳಲು ಕೈ ಬಿಗಿ. ನಿಮ್ಮ ಅಳಿಯ ಯಾರೋ ಬಳಸಿದ ಜೋಡಿಯೊಂದನ್ನು ಚೌಕಾಸಿ ಮಾಡಿ ತಂದರು. ಸೋಫಾದಿಂದ ಕೈ ಚಾಚಿದರೆ ಟಿವಿ ಸಿಗುವ ಕೋಣೆಗೆ ಎರಡೇ ಹೆಚ್ಚು.

"ಇನ್ಮೇಲೆ ನಿನ್ನ ಗಂಟಲಿಗೆ ಪೈಪೋಟಿ ಕಣೇ," ಎಂದು ನಕ್ಕರು.

ಪರೀಕ್ಷೆಗೆಂದು ಸಣ್ಣ ಗಂಟೆಯಂಥ ಸದ್ದನ್ನು ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ ಬರುವಂತೆ ಹಾಕಿದರು. ಎಡಗಡೆಯದು ನನಗೆ ಪಕ್ಕದ ಮನೆಯಿಂದ ಬಂದ ಹಾಗಿತ್ತು.

"ಎಡಗಡೇದು ಕೆಟ್ಟಿದೆ. ಚೆನ್ನಾಗಿ ಟೋಪಿ ಹಾಕಿದಾರೆ ನಿಮಗೆ."

"ಎರಡೂ ಒಂದೇ ಥರ ಇದೆಯಲ್ಲೇ!"

ಹಟ ಹಿಡಿದು ಎರಡನ್ನೂ ಅದಲುಬದಲು ಇಡಿಸಿದೆ. ಆಗಲೂ ಎಡಗಡೆಯದೇ ಮಂಕು. ಅವರು ಸ್ಕ್ರೂಡ್ರೈವರ್ ತರಲು ಒಳಗೆ ಹೋದಾಗ, ಏನನ್ನಿಸಿತೋ, ಟಿವಿಗೆ ಬೆನ್ನು ಹಾಕಿ ನಿಂತೆ. ಮಂಕಾಗಿದ್ದ ಸ್ಪೀಕರ್ ಸ್ಪಷ್ಟವಾಗಿ ಕೇಳಿಸಿತು. ಚೆನ್ನಾಗಿದ್ದದ್ದು ಮಂಕಾಯಿತು. ನನ್ನ ಕೈ ಎಡಗಿವಿಗೆ ಹೋಯಿತು.

"ವಾಪಸ್ ಕೊಟ್ಟು ಬರ್ಲಾ?" ಎಂದರು, ಸ್ಕ್ರೂಡ್ರೈವರ್ ಹಿಡಿದು ಬಂದು.

"ಬೇಡ, ಸರಿಹೋಯ್ತು," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಆಮೇಲೆ ಒಂದು ಹಾಸ್ಯದ ಸಿನಿಮಾ ಹಾಕಿದರು. ಅವರು ನಕ್ಕಾಗಲೆಲ್ಲ ನಾನೂ ನಕ್ಕೆ, ಒಂದು ಕ್ಷಣ ತಡವಾಗಿ. ನಿಮ್ಮ ಕಿವಿ ಪೂರ್ತಿ ಹೋಗುವುದಕ್ಕೆ ಮುಂಚೆ, ಊಟದ ಮೇಜಿನಲ್ಲಿ ನೀವು ನಗುತ್ತಿದ್ದದ್ದೂ ಹೀಗೆಯೇ. ನಿಮಗೆ ಮೊದಲು ಗೊತ್ತಾದದ್ದು ಯಾವಾಗ ಅಪ್ಪಾ? ನಮ್ಮಲ್ಲಿ ಯಾರಿಗಾದರೂ ಹೇಳಲು ನೋಡಿದ್ದಿರಾ?